ಹಸುವಿನ ಕಣ್ಣಿನಿಂದ ಜಗತ್ತನ್ನು ಕಂಡವಳು

"ಮೂರು ವರ್ಷ ಆತು, ಇನ್ನೂ ಅವ್ವ ಅಂತ ಅಂದಿಲ್ಲ ನೋಡವ್ವ. ಕರದ್ರ ತಿರುಗಿ ನೋಡಂಗಿಲ್ಲ. ಬರೇ ತಾಟು ತಿರುವಿಕೋತ ಕುಂದರತಾನ. ತಾಯಿ ನೆಟ್ಟಗ ಮಾತಾಡ್ಸಿದ್ರ ಕೂಸು ಹಿಂಗ್ಯಾಕ ಆಗ್ತಿತ್ತು?"

ಕೊಪ್ಪಳದ ಓಣಿಯಿರಲಿ, ಗಂಗಾವತಿಯ ಬಡಾವಣೆಯಿರಲಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಯ ಕಟ್ಟೆಯಿರಲಿ, ಇಂಥ ಮಾತು ಕೇಳಿಬರದ ಜಾಗ ಉಂಟೇ? ಮಗು ಚುರುಕಾದರೆ ಮನೆತನದ ಪುಣ್ಯ, ಮಾತು ತಡವಾದರೆ ತಾಯಿಯ ತಪ್ಪು! ಗವಿಮಠದ ಜಾತ್ರೆಯ ಗದ್ದಲದಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಎತ್ತಿಕೊಂಡು ನಿಂತ ತಾಯಿಯತ್ತ ಜನ ಹೇಗೆ ನೋಡುತ್ತಾರೆಂಬುದನ್ನು ಆ ತಾಯಿಯೇ ಬಲ್ಲಳು.

ಸೋದರಿಯರೇ, ಈ ದೂರು ನಮ್ಮೂರಿಗೆ ಮಾತ್ರ ಸೇರಿದ್ದಲ್ಲ. ಒಂದು ಕಾಲಕ್ಕೆ ಅಮೆರಿಕದ ದೊಡ್ಡ ದೊಡ್ಡ ಡಾಕ್ಟರುಗಳೇ ಹೀಗೆ ಹೇಳಿ ತಾಯಂದಿರನ್ನು ಅಳಿಸಿದ್ದರು. ಅಂಥ ಒಬ್ಬ ತಾಯಿಯ ಮಗಳ ಕಥೆ 2010 ರ ಫೆಬ್ರವರಿಯಲ್ಲಿ ಅಲ್ಲಿನ ಎಚ್‌ಬಿಓ ಟಿ.ವಿ.ಯಲ್ಲಿ ಚಿತ್ರವಾಗಿ ಬಂತು. ಹೆಸರು 'ಟೆಂಪಲ್ ಗ್ರ್ಯಾಂಡಿನ್'. ಅದು ಕಟ್ಟುಕಥೆಯಲ್ಲ. ಅದೇ ಹೆಸರಿನ ವಿಜ್ಞಾನಿ ಮಹಿಳೆಯ ಬದುಕು. ಮಿಕ್ ಜಾಕ್ಸನ್ ನಿರ್ದೇಶಿಸಿದ ಆ ಚಿತ್ರಕ್ಕೆ ಆ ವರ್ಷ ಏಳು ಎಮ್ಮಿ ಪ್ರಶಸ್ತಿಗಳು ಬಂದವು. ನಾಯಕಿಯಾಗಿ ಅಭಿನಯಿಸಿದವಳು ಕ್ಲೇರ್ ಡೇನ್ಸ್.

ತಾಯಿ ಒಪ್ಪಲಿಲ್ಲ

ಟೆಂಪಲ್ ಹುಟ್ಟಿದ್ದು 1947 ರ ಆಗಸ್ಟ್ 29 ರಂದು, ಬಾಸ್ಟನ್ ನಗರದಲ್ಲಿ. ಕೂಸು ನೋಡಲು ಲಕ್ಷಣವಾಗಿತ್ತು. ಆದರೆ ಎತ್ತಿಕೊಂಡರೆ ಮೈ ಬಿಗಿ ಹಿಡಿಯುವುದು, ಮುದ್ದಿಸಿದರೆ ದೂರ ತಳ್ಳುವುದು, ಗಂಟೆಗಟ್ಟಲೆ ಒಂದೇ ವಸ್ತುವನ್ನು ದಿಟ್ಟಿಸುವುದು! ಮೂರು ವರ್ಷ ದಾಟಿದರೂ ಮಾತಿಲ್ಲ. ಇಂಥವರನ್ನು ಸಂಸ್ಥೆಗೆ ಸೇರಿಸಿ ಮರೆತುಬಿಡುವುದೇ ಆಗಿನ ರೂಢಿಯಾಗಿತ್ತು.

ಈ ಸ್ಥಿತಿಗೆ 'ಆಟಿಸಂ' ಎಂದು ಹೆಸರು. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ. ಲಿಯೋ ಕ್ಯಾನರ್ ಎಂಬ ವೈದ್ಯ 1943 ರಲ್ಲಿ ಹನ್ನೊಂದು ಮಕ್ಕಳ ವಿಷಯವನ್ನು ವಿವರವಾಗಿ ಬರೆದ ಮೇಲೆ ಲೋಕಕ್ಕೆ ಇದರ ಪರಿಚಯವಾಯಿತು. ಆದರೆ ಕಾರಣ ಏನು? ತಾಯಿಯ ಎದೆಯಲ್ಲಿ ಪ್ರೀತಿಯಿಲ್ಲ, ಆಕೆ ಮಂಜುಗಡ್ಡೆಯಂಥವಳು, ಅದಕ್ಕೇ ಮಗು ಒಳಗೊಳಗೇ ಸೇರಿಕೊಂಡಿತು ಎಂಬ ವಾದ ಹಬ್ಬಿತು. ಬ್ರೂನೋ ಬೆಟಲ್‌ಹೈಮ್ ಎಂಬಾತ 1967 ರಲ್ಲಿ ಇದನ್ನೇ ಸಾರುವ ಪುಸ್ತಕವನ್ನೂ ಬರೆದ. ಚಿತ್ರದಲ್ಲಿ ಡಾಕ್ಟರು ಈ ಮಾತು ಆಡುವಾಗ ತಾಯಿಯ ಪಾತ್ರದ ಜೂಲಿಯಾ ಆರ್ಮಂಡ್ ಮುಖ ನೋಡಬೇಕು, ಹೊಟ್ಟೆಯಲ್ಲಿ ಕತ್ತರಿ ಆಡಿಸಿದಂತಾಗುತ್ತದೆ!

ಆ ವಾದ ಶುದ್ಧ ಸುಳ್ಳು. ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ, ತಾನೇ ಇಂಥ ಮಗನ ತಂದೆ, 1964 ರಲ್ಲೇ ಅದನ್ನು ಅಲ್ಲಗಳೆದಿದ್ದ. ಆಟಿಸಂ ಎಂಬುದು ಮಿದುಳು ಬೆಳೆಯುವ ರೀತಿಯಲ್ಲಿನ ವ್ಯತ್ಯಾಸ, ವಂಶವಾಹಿಗಳ ಪಾಲು ಅದರಲ್ಲಿ ದೊಡ್ಡದು ಎಂಬುದು ಈಗ ಎಲ್ಲರೂ ಒಪ್ಪಿದ ಸಂಗತಿ. ತಾಯಿ ಮುದ್ದು ಮಾಡಿದ್ದು ಹೆಚ್ಚಾಯಿತು, ಕಡಿಮೆಯಾಯಿತು ಎಂಬುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಟೆಂಪಲ್‌ಳ ತಾಯಿ ಯೂಸ್ಟೇಷಿಯಾ ಮಗಳನ್ನು ದೂರ ಕಳಿಸಲು ಒಪ್ಪಲಿಲ್ಲ. ಮಾತು ಕಲಿಸುವ ಶಿಕ್ಷಕಿಯನ್ನು ಹುಡುಕಿದಳು. ಮನೆಯಲ್ಲಿ ದಾದಿಯೊಬ್ಬಳು ಮಗುವಿನ ಜೊತೆ ಆಟ ಹೂಡುತ್ತಿದ್ದಳು. ಈಗ ನಿನ್ನ ಸರದಿ, ಆಮೇಲೆ ನನ್ನ ಸರದಿ! ಕಾಯುವುದು, ಎದುರಿಗಿದ್ದವರನ್ನು ನೋಡುವುದು, ಆಟದಲ್ಲೇ ಪಾಠ. ನಮ್ಮ ಮನೆಗಳ ಚೌಕಾಬಾರ, ಅಳಗುಳಿಮಣೆ ನೆನಪಾಗುವುದಿಲ್ಲವೇ? ಮಗು ಚಿತ್ರ ಬರೆಯುವುದನ್ನು ಕಂಡು ತಾಯಿ ಅದಕ್ಕೇ ನೀರೆರೆದಳು. ಬರೀ ಕುದುರೆ ಬರೆದರೆ ಬೇರೆಯದನ್ನೂ ಬರೆ ಎಂದು ಹುರಿದುಂಬಿಸಿದಳು. ನಾಲ್ಕರ ಹೊತ್ತಿಗೆ ಮಾತು ಮೂಡಿತು.

ದನದ ಚೌಕಟ್ಟಿನೊಳಗೆ

ಶಾಲೆಯ ದಿನಗಳು ಸುಖದ್ದಾಗಿರಲಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾಳೆಂದು ಸಹಪಾಠಿಗಳ ಗೇಲಿ. ಹದಿನಾಲ್ಕರಲ್ಲಿ ಛೇಡಿಸಿದ ಹುಡುಗಿಯತ್ತ ಪುಸ್ತಕ ಎಸೆದು ಶಾಲೆಯಿಂದ ಹೊರಬಿದ್ದಳು. ಆಮೇಲೆ ಸೇರಿದ ಶಾಲೆಯಲ್ಲಿ ಸಿಕ್ಕವರು ವಿಜ್ಞಾನದ ಮೇಷ್ಟ್ರು ವಿಲಿಯಂ ಕಾರ್ಲಾಕ್. ಈ ಹುಡುಗಿ ಮಾತುಗಳಲ್ಲಿ ಅಲ್ಲ, ಚಿತ್ರಗಳಲ್ಲಿ ಯೋಚಿಸುತ್ತಾಳೆ ಎಂಬುದನ್ನು ಅವರು ಹಿಡಿದರು. ನೋಡಿದವರ ಕಣ್ಣಿಗೆ ಮೋಸ ಮಾಡುವ ಓರೆ ಕೋಣೆಯೊಂದನ್ನು ತೋರಿಸಿ, ಇದರ ಗುಟ್ಟು ಕಂಡುಹಿಡಿ ಎಂದು ಸವಾಲು ಹಾಕಿದರು. ಹಟ ಹಿಡಿದು ಬಿಡಿಸಿದಳು! ಬೈದರೆ ಬಗ್ಗದವಳು ಕುತೂಹಲಕ್ಕೆ ಬಗ್ಗಿದಳು.

ರಜೆಯಲ್ಲಿ ಅರಿಜೋನಾದ ಚಿಕ್ಕಮ್ಮನ ದನದ ಫಾರ್ಮಿಗೆ ಹೋದಳು. ನಮ್ಮ ಪಶು ಆಸ್ಪತ್ರೆಗಳ ಅಂಗಳದಲ್ಲಿ ಸೂಜಿ ಹಾಕುವಾಗ ಎತ್ತು ಕೊಸರದಂತೆ ನಿಲ್ಲಿಸುವ ಚೌಕಟ್ಟನ್ನು ನೀವು ನೋಡಿರುತ್ತೀರಿ. ಅಲ್ಲಿಯದು ಇನ್ನೂ ಒಂದು ಹೆಜ್ಜೆ ಮುಂದೆ, ಎರಡೂ ಬದಿಯ ಹಲಗೆಗಳು ದನದ ಮೈಯನ್ನು ಮೆಲ್ಲಗೆ ಒತ್ತಿ ಹಿಡಿಯುತ್ತವೆ. ಬೆದರಿದ ದನಗಳು ಅದರೊಳಗೆ ತಣ್ಣಗಾಗುವುದನ್ನು ಹುಡುಗಿ ಕಂಡಳು. ಒಂದು ದಿನ ಎದೆ ಡವಗುಟ್ಟುವಷ್ಟು ಗಾಬರಿಯಾದಾಗ ತಾನೇ ಒಳಹೊಕ್ಕಳು. ಅವಳ ಗಾಬರಿಯೂ ಇಳಿಯಿತು! ಮನುಷ್ಯರ ಅಪ್ಪುಗೆ ಸಹಿಸಲಾರದವಳು ಹಲಗೆಗಳಿಂದ ತನಗೊಂದು ಅಪ್ಪುಗೆಯ ಯಂತ್ರ ಮಾಡಿಕೊಂಡಳು. ಕಂಡವರು ಹುಚ್ಚೆಂದರು. ಆದರೆ ಹೀಗೆ ಮೈಯನ್ನು ಒತ್ತಿ ಹಿಡಿದರೆ ಸಮಾಧಾನವಾಗುವ ಮಕ್ಕಳು ಇದ್ದಾರೆಂದು ಚಿಕಿತ್ಸಕರೇ ಮುಂದೆ ಗಮನ ಕೊಟ್ಟರು.

ಓದು ಮುಂದುವರಿಯಿತು. 1975 ರಲ್ಲಿ ಅರಿಜೋನಾದಲ್ಲಿ ಪಶುವಿಜ್ಞಾನದ ಎಂ.ಎಸ್., 1989 ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪಿಎಚ್‌.ಡಿ. ದನದ ದೊಡ್ಡಿಗಳೆಂದರೆ ಆಗ ಪೂರಾ ಗಂಡಸರ ರಾಜ್ಯ. ಒಳಗೆ ಬಿಡಲಿಲ್ಲ, ಅವಳ ಗಾಡಿಯ ಮೇಲೆ ಹೋರಿಯ ಬೀಜ ಎಸೆದು ಹೇಸಿಗೆ ಮಾಡಿದರು. ಅವಳು ಮಾಡಿದ್ದೇನು? ದನ ಎಲ್ಲಿ ನಿಂತು ಹಿಂಜರಿಯುತ್ತದೋ ಆ ಓಣಿಗೆ ತಾನೇ ಇಳಿದು, ದನದ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದಳು. ನೇತಾಡುವ ಸರಪಳಿ, ಬೇಲಿಗೆ ಹಾಕಿದ ಅಂಗಿ, ನೀರಿನ ಹೊಳಪು, ನೆಲದ ನೆರಳು! ಕೋಲಿನಿಂದ ಹೊಡೆಯುತ್ತಿದ್ದವರಿಗೆ ಯಾರಿಗೂ ಇದು ಕಂಡಿರಲಿಲ್ಲ. ಉಣ್ಣೆ ಸಾಯಲೆಂದು ದನಗಳನ್ನು ಔಷಧದ ಹೊಂಡದಲ್ಲಿ ಈಜಿಸುವಾಗ ಅವು ಜಾರಿಬಿದ್ದು ಮುಳುಗಿ ಸಾಯುತ್ತಿದ್ದವು. ಕಾಲು ಜಾರದ ಗೆರೆಗಳ ಇಳಿಜಾರು ಮಾಡಿಸಿದಳು, ದನಗಳು ತಾವಾಗಿಯೇ ಇಳಿದವು.

ಇನ್ನೊಂದು ಮಾತು ಮುಚ್ಚಿಡಬಾರದು. ಆಕೆ ಕೆಲಸ ಮಾಡಿದ್ದು ಕಸಾಯಿಖಾನೆಗಳಿಗೂ ಹೌದು. ನಮ್ಮಲ್ಲಿ ಅನೇಕರಿಗೆ ಇದು ಇಷ್ಟವಾಗಲಿಕ್ಕಿಲ್ಲ. ಜನ ಮಾಂಸ ತಿನ್ನುವವರೆಗೂ ಪ್ರಾಣಿಗೆ ಕೊನೆಯ ಗಳಿಗೆಯಲ್ಲೂ ಹೆದರಿಕೆ, ಹಿಂಸೆ ಇರಬಾರದು, ಅಷ್ಟು ಗೌರವ ಅದಕ್ಕೆ ಸಲ್ಲಬೇಕು ಎಂಬುದು ಆಕೆಯ ನಿಲುವು. ಅಮೆರಿಕ, ಕೆನಡಾದ ಸುಮಾರು ಅರ್ಧದಷ್ಟು ದನಗಳು ಆಕೆ ರೂಪಿಸಿದ ವ್ಯವಸ್ಥೆಯಲ್ಲೇ ಸಾಗುತ್ತವೆಂದು ಲೆಕ್ಕ. ಕೊಲರಾಡೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಆಕೆ ಪ್ರಾಧ್ಯಾಪಕಿಯೂ ಆದಳು.

ನಮ್ಮ ಮನೆಗೆ ಏನು ಪಾಠ?

ಆಟಿಸಂ ಇರುವ ಪ್ರತಿ ಮಗುವೂ ವಿಜ್ಞಾನಿಯಾಗುತ್ತದೆಂದು ಈ ಕಥೆಯನ್ನು ತಿಳಿಯಬೇಡಿ. ಕೆಲವರಿಗೆ ಮಾತು ಬರುತ್ತದೆ, ಕೆಲವರಿಗೆ ಜೀವಮಾನವಿಡೀ ಬಾರದು. ಟೆಂಪಲ್‌ಳ ಮನೆಯಲ್ಲಿ ದುಡ್ಡಿತ್ತು, ದಾದಿಯಿದ್ದಳು. ಆದರೆ ಅವಳ ತಾಯಿಯೂ ಮೇಷ್ಟ್ರೂ ಮಾಡಿದ ಮೊದಲ ಕೆಲಸಕ್ಕೆ ದುಡ್ಡು ಬೇಕಿರಲಿಲ್ಲ. ಮಗುವಿನಲ್ಲಿ ಏನಿಲ್ಲ ಎಂದು ಎಣಿಸುವುದನ್ನು ಬಿಟ್ಟು, ಅದು ಏನನ್ನು ನೋಡುತ್ತಿದೆ ಎಂದು ಬಗ್ಗಿ ನೋಡಿದರು, ಅಷ್ಟೇ! ಜಾತ್ರೆಯಲ್ಲಿ ಚೀರುವ ಮಗು ಹಟಮಾರಿಯಲ್ಲ. ನಮ್ಮ ಕಿವಿಗೆ ಇಂಪಾದ ಡೊಳ್ಳು ಅದರ ಕಿವಿಗೆ ಸಿಡಿಲಾಗಿರಬಹುದು. ಗದ್ದಲದಿಂದ ಈಚೆಗೆ ಕರೆತನ್ನಿ, ಬೈಯಬೇಡಿ.

ಎರಡನೆಯದು, ಕಾಯಬೇಡಿ. "ಅವರಪ್ಪನೂ ತಡವಾಗಿಯೇ ಮಾತಾಡಿದ್ದ, ತಾನಾಗೇ ಬರ್ತದ ಬಿಡು" ಎಂಬ ಮಾತಿನಲ್ಲಿ ಎಷ್ಟೋ ಮಕ್ಕಳ ಒಳ್ಳೆಯ ವರ್ಷಗಳು ಕಳೆದುಹೋಗುತ್ತವೆ. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡಾದರೂ ಎರಡು ಪದ ಕೂಡಿಸದಿದ್ದರೆ, ಬಂದ ಮಾತು ನಿಂತುಹೋದರೆ ವೈದ್ಯರಿಗೆ ತೋರಿಸಿ. ಮೊದಲು ಕಿವಿಯ ಪರೀಕ್ಷೆ ಆಗಲಿ. 2013 ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ಸಂಕೋಚವಿಲ್ಲದೆ ಹೇಳಿ. ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2016 ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ, ಪ್ರಮಾಣಪತ್ರ ಪಡೆಯುವುದು ನಿಮ್ಮ ಹಕ್ಕು. ಪೂರ್ತಿ ಗುಣಪಡಿಸುತ್ತೇವೆಂದು ಸಾವಿರಾರು ರೂಪಾಯಿ ಕೇಳುವವರನ್ನು ಮಾತ್ರ ನಂಬಬೇಡಿ. ಇದಕ್ಕೆ ಮಾತ್ರೆಯಿಲ್ಲ. ತರಬೇತಿಯಿದೆ, ತಾಳ್ಮೆಯಿದೆ.

ಮೂರನೆಯದು ನೆರೆಹೊರೆಯವರಾದ ನಮಗೆ. ಚಿತ್ರದ ಕೊನೆಯಲ್ಲಿ, 1981 ರ ಒಂದು ಸಭೆ. ಆಟಿಸಂ ಇರುವ ಮಕ್ಕಳ ತಾಯಿತಂದೆಯರು ತುಂಬಿದ್ದಾರೆ. ಟೆಂಪಲ್ ಗುಂಪಿನ ನಡುವಿನಿಂದ ಎದ್ದು ತನ್ನ ಕಥೆ ಹೇಳತೊಡಗುತ್ತಾಳೆ. ಎಲ್ಲರೂ ಆಕೆಯನ್ನು ವೇದಿಕೆಗೆ ಕರೆಯುತ್ತಾರೆ. ತಾಯಿ ಕುಳಿತಲ್ಲೇ ಮಗಳನ್ನು ನೋಡುತ್ತಾಳೆ. ಎಷ್ಟು ವರ್ಷದ ನಿಂದೆ ಆ ಒಂದು ಗಳಿಗೆಯಲ್ಲಿ ಕರಗಿತೋ!

ನಿಮ್ಮ ಓಣಿಯಲ್ಲೂ ಅಂಥ ತಾಯಿಯೊಬ್ಬಳು ಇರಬಹುದು, ಮದುವೆ ಮುಂಜಿಗೆ ಬರುವುದನ್ನೇ ಬಿಟ್ಟಿರಬಹುದು. ಮುಂದಿನ ಸಲ ಅರಿಶಿನ ಕುಂಕುಮಕ್ಕೆ ಕರೆಯುವಾಗ ಆಕೆಯ ಬಾಗಿಲಿಗೂ ಹೋಗಿ. "ಕೂಸಿನ್ನೂ ಕರಕೊಂಡು ಬಾರವ್ವ, ಚೀರಿದ್ರ ಚೀರಲಿ" ಎನ್ನಿ.