ಲಕ್ಷಣವಿಲ್ಲದ ಮಾತ್ರಕ್ಕೆ ರೋಗವಿಲ್ಲವೆ?

ಎಚ್.ಐ.ವಿ. ಎಂಬ ವೈರಾಣುವು ದೇಹದ ರಕ್ಷಣಾಶಕ್ತಿಯನ್ನು ಕುಂದಿಸಿದಾಗ, ಆರೋಗ್ಯವಂತರನ್ನು ಸಾಮಾನ್ಯವಾಗಿ ಬಾಧಿಸದ ರೋಗಾಣುಗಳೂ ಒಳನುಗ್ಗುವುವು. ವೈದ್ಯರು ಇವನ್ನು ಅವಕಾಶವಾದಿ ಸೋಂಕುಗಳೆನ್ನುವರು, ಛಿದ್ರಾನ್ವೇಷಿಗಳೆಂದರೂ ಒಪ್ಪುವುದು. 1981ರ ಜೂನ್ ತಿಂಗಳಿನಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ಐವರು ತರುಣರಲ್ಲಿ ವಿರಳವಾದೊಂದು ನ್ಯುಮೋನಿಯ ಕಂಡುದು ವರದಿಯಾಯಿತು. ಏಡ್ಸ್ ವ್ಯಾಧಿಯ ಮೊದಲ ಸುಳಿವು ಲೋಕಕ್ಕೆ ದೊರೆತುದು ಹೀಗೆ.

ಈ ಸೋಂಕುಗಳನ್ನು ಗುರುತಿಸುವುದರಲ್ಲಿ ಒಂದು ವಿಚಿತ್ರವಾದ ತೊಡಕುಂಟು. ನಮ್ಮ ದೇಶದಲ್ಲಿ ಎಚ್.ಐ.ವಿ. ಪೀಡಿತರನ್ನು ಬಹಳವಾಗಿ ಕಾಡುವ ಕ್ಷಯವನ್ನೇ ನೋಡೋಣ. ಶ್ವಾಸಕೋಶದಲ್ಲಿ ಕುಹರಗಳಾಗುವುದೂ, ಅಲ್ಲಿಂದ ಕಫದೊಡನೆ ಕ್ರಿಮಿಗಳು ಹೇರಳವಾಗಿ ಬರುವುದೂ ಬಹುಮಟ್ಟಿಗೆ ದೇಹವು ರೋಗದೊಡನೆ ಹೋರಾಡುವುದರ ಫಲ. ಹೋರಾಡುವ ಶಕ್ತಿಯೇ ಕುಂದಿದವರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ರಿಮಿ ಕಾಣದೆ ಹೋಗಬಹುದು. ಎಕ್ಸ್‌ರೇ ಚಿತ್ರವೂ ನಿರ್ದೋಷವಾಗಿ ತೋರಬಹುದು. ಕಾವಲುಗಾರನೇ ನೆಲಕ್ಕೆ ಬಿದ್ದ ಮನೆಯಲ್ಲಿ ಕಳ್ಳನು ಬಂದನೆಂದು ಕೂಗುವವರಾರು?

ಆದುದರಿಂದ ಕಫದಲ್ಲಿ ಏನೂ ಇಲ್ಲವೆಂಬ ಒಂದು ಮಾತಿನಿಂದ ಗೃಹಸ್ಥರು ನಿಶ್ಚಿಂತರಾಗಲಾಗದು. ಕೆಮ್ಮು, ಜ್ವರ, ತೂಕದ ಇಳಿತ, ರಾತ್ರಿಯ ಬೆವರು, ಈ ನಾಲ್ಕರಲ್ಲಿ ಒಂದಿದ್ದರೂ ವೈದ್ಯರಿಗೆ ತಿಳಿಸತಕ್ಕದ್ದು. ಕ್ಷಯಕ್ರಿಮಿಯ ಜೀನನ್ನೇ ಹುಡುಕಿ ಸುಮಾರು 2 ಗಂಟೆಗಳಲ್ಲಿ ಉತ್ತರ ಕೊಡುವ ಯಂತ್ರಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಅನುಮೋದಿಸಿತು. ಕಫ ಬಾರದೆ ಬಹಳ ಬಳಲಿದವರಿಗೆ ಮೂತ್ರಪರೀಕ್ಷೆಯೂ ಉಂಟು. ಇವೂ ಒಮ್ಮೊಮ್ಮೆ ತಪ್ಪುವುದರಿಂದ, ಲಕ್ಷಣವು ನಿಲ್ಲದಿದ್ದರೆ ಮರಳಿ ಪರೀಕ್ಷಿಸಬೇಕು.

ಸಿ.ಡಿ.4 ಎಂಬ ರಕ್ಷಕಕಣಗಳ ಸಂಖ್ಯೆಯು ಒಂದು ಘನ ಮಿಲಿಮೀಟರ್ ರಕ್ತದಲ್ಲಿ 200ಕ್ಕಿಂತ ಇಳಿದವರ ವಿಷಯದಲ್ಲಿ ಇನ್ನೂ ಎಚ್ಚರವಿರಬೇಕು. ಮಿದುಳಿನ ಪೊರೆಯನ್ನು ಹಿಡಿಯುವ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವು ಮೊದಲಿಗೆ ಬರಿಯ ತಲೆನೋವಾಗಿ ತೋರಬಹುದು. ಆದರೆ ಅದರ ಕುರುಹು ಅನೇಕ ವೇಳೆ ವಾರಗಳ ಮುಂಚೆಯೇ ರಕ್ತದಲ್ಲಿರುವುದರಿಂದ, ಒಂದು ಹನಿ ರಕ್ತದ ಪರೀಕ್ಷೆಯಿಂದ ಪ್ರಾಣಾಪಾಯವನ್ನು ತಪ್ಪಿಸಲು ಸಾಧ್ಯ.

ಎಚ್.ಐ.ವಿ.ಯನ್ನು ಹತ್ತಿಕ್ಕುವ ಔಷಧವನ್ನು ನಮ್ಮ ಸರಕಾರವು 2004ರಿಂದ ಉಚಿತವಾಗಿ ಕೊಡುತ್ತಿರುವುದು. ಸಕಾಲದಲ್ಲಿ ಅರಿತರೆ ಕ್ಷಯವೂ ಗುಣವಾಗುವುದು. ಇಷ್ಟಿದ್ದೂ ಲೋಕಾಪವಾದಕ್ಕೆ ಅಂಜಿ ರೋಗಿಯನ್ನು ಒಳಕೋಣೆಯಲ್ಲಿ ಅಡಗಿಸುವ ಮನೆಗಳುಂಟು. ದೇಹವೇ ಮೌನ ತಾಳಿರುವಾಗ ಮನೆಯವರೂ ಮೌನ ತಾಳಿದರೆ, ವೈದ್ಯನು ಯಾರ ಬಾಯಿಂದ ಕೇಳಿ ತಿಳಿಯಬೇಕು? ವಾಚಕರು ಇದನ್ನು ಯೋಚಿಸಬೇಕೆಂದು ನಮ್ಮ ಪ್ರಾರ್ಥನೆ.