ಬ್ರಾಯ್ಲರ್ ಕೋಳಿಗಳಿಗೆ ಮಿತವ್ಯಯದ ಸಮತೋಲನ ಆಹಾರ

ಮಾಂಸದ ಕೋಳಿ ಸಾಕಾಣಿಕೆಯ ಒಟ್ಟು ವೆಚ್ಚದಲ್ಲಿ ಸುಮಾರು ಶೇ. 65ರಿಂದ 70ರಷ್ಟು ಆಹಾರಕ್ಕೇ ತಗಲುತ್ತದೆ. ಆದುದರಿಂದ ಸ್ವಂತವಾಗಿ ಮರಿ ಖರೀದಿಸಿ ಸಾಕುವ ರೈತರು ಆಹಾರವನ್ನು ತಾವೇ ಮಿಶ್ರಣ ಮಾಡಿಕೊಂಡು ವೆಚ್ಚ ತಗ್ಗಿಸಲು ಯತ್ನಿಸುವುದು ಸಹಜ. ಆದರೆ ಬೆಲೆ ಕಡಿಮೆಯಿರುವ ಆಹಾರವೆಲ್ಲವೂ ಮಿತವ್ಯಯದ ಆಹಾರವಲ್ಲ.

ವೆಚ್ಚದ ಲೆಕ್ಕ: ಉದಾಹರಣೆಗೆ, ಕಿಲೋಗೆ 36 ರೂ. ಬೆಲೆಯ ಆಹಾರವನ್ನು 2 ಕಿಲೋ ತಿಂದು ಕೋಳಿಯು 1 ಕಿಲೋ ತೂಕ ಪಡೆದರೆ ವೆಚ್ಚ 72 ರೂ. ಕಿಲೋಗೆ 40 ರೂ. ಬೆಲೆಯ ಉತ್ತಮ ಆಹಾರವನ್ನು 1.7 ಕಿಲೋ ತಿಂದು ಅಷ್ಟೇ ತೂಕ ಪಡೆದರೆ ವೆಚ್ಚ 68 ರೂ. ಮಾತ್ರ. ತಲಾ 2 ಕಿಲೋ ತೂಗುವ 1,000 ಕೋಳಿಗಳಿಗೆ ಈ ವ್ಯತ್ಯಾಸವು 8,000 ರೂ. ಆಗುತ್ತದೆ.

ಪೋಷಕಾಂಶದ ಪ್ರಮಾಣ: ಭಾರತೀಯ ಮಾನಕ ಬ್ಯೂರೋದ 2007ರ ಮಾನದಂಡದಂತೆ ಪ್ರಿ-ಸ್ಟಾರ್ಟರ್ ಆಹಾರದಲ್ಲಿ ಶೇ. 23, ಸ್ಟಾರ್ಟರ್‌ನಲ್ಲಿ ಶೇ. 22 ಹಾಗೂ ಫಿನಿಶರ್‌ನಲ್ಲಿ ಶೇ. 20 ಕಚ್ಚಾ ಪ್ರೋಟೀನ್ ಇರತಕ್ಕದ್ದು. ಮೊದಲ ವಾರಗಳಲ್ಲಿ ಮರಿಗಳು ತಿನ್ನುವುದು ಅತ್ಯಲ್ಪ. ಆ ಹಂತದಲ್ಲಿ ಉಳಿತಾಯ ಮಾಡಲು ಹೋಗಬಾರದು.

ಮಿಶ್ರಣದ ವಿಧಾನ: ನೂರು ಕಿಲೋ ಫಿನಿಶರ್ ಆಹಾರಕ್ಕೆ 60 ಕಿಲೋ ಮೆಕ್ಕೆಜೋಳ ಹಾಗೂ 33 ಕಿಲೋ ಸೋಯಾ ಹಿಂಡಿ ಬಳಸಿದಲ್ಲಿ, ಜೋಳದಿಂದ ಶೇ. 9ರಂತೆ 5.4 ಕಿಲೋ, ಹಿಂಡಿಯಿಂದ ಶೇ. 45ರಂತೆ 14.85 ಕಿಲೋ, ಒಟ್ಟು 20.25 ಕಿಲೋ ಪ್ರೋಟೀನ್ ದೊರೆಯುತ್ತದೆ. ಉಳಿದ 7 ಕಿಲೋದಲ್ಲಿ ಸುಮಾರು 4 ಕಿಲೋ ಖಾದ್ಯ ತೈಲ; ಮಿಕ್ಕಿದ್ದು ಖನಿಜ ಮಿಶ್ರಣ, ಉಪ್ಪು, ಮೆಥಿಯೊನಿನ್, ಲೈಸಿನ್ ಹಾಗೂ ಜೀವಸತ್ವಗಳು. ಇವುಗಳನ್ನು ಮೊದಲು ಸ್ವಲ್ಪ ಹಿಟ್ಟಿನೊಡನೆ ಬೆರೆಸಿ, ಬಳಿಕ ಇಡೀ ರಾಶಿಗೆ ಸೇರಿಸಬೇಕು.

ಉಳಿತಾಯದ ಮಾರ್ಗಗಳು:
1. ಬಿಳಿಜೋಳ, ಸಜ್ಜೆ ಅಥವಾ ರಾಗಿಯ ಬೆಲೆ ಕಡಿಮೆಯಿದ್ದಾಗ ಮೆಕ್ಕೆಜೋಳದ ಒಂದು ಭಾಗಕ್ಕೆ ಬದಲಾಗಿ ಬಳಸಬಹುದು. ಆಗ ಪ್ರೋಟೀನ್ ಲೆಕ್ಕವನ್ನು ಪುನಃ ಮಾಡಿಕೊಳ್ಳಬೇಕು.
2. ಮುಂಗಾರು ಬೆಳೆಯ ಕಟಾವಿನ ವೇಳೆಯಲ್ಲಿ ಮೆಕ್ಕೆಜೋಳ ಅಗ್ಗವಾಗಿ ಸಿಕ್ಕರೂ ಅದರಲ್ಲಿ ತೇವಾಂಶ ಹೆಚ್ಚಿರುತ್ತದೆ. ಶೇ. 12ಕ್ಕಿಂತ ಕಡಿಮೆಯಾಗುವಂತೆ ಒಣಗಿಸಿ, ನೆಲ ಹಾಗೂ ಗೋಡೆಗೆ ತಾಗದಂತೆ ಹಲಗೆಯ ಮೇಲೆ ದಾಸ್ತಾನು ಮಾಡಬೇಕು.
3. ಆಹಾರ ಚೆಲ್ಲದಂತೆ ತಟ್ಟೆಯ ಅಂಚನ್ನು ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸುತ್ತಿರಬೇಕು.

ಎಚ್ಚರಿಕೆ: ಬೂಷ್ಟು ಹಿಡಿದ ಧಾನ್ಯದಲ್ಲಿರಬಹುದಾದ ಅಫ್ಲಾಟಾಕ್ಸಿನ್ ವಿಷವು ಯಕೃತ್ತನ್ನು ಹಾಳುಮಾಡಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಒಣಗಿಸಿದರೂ ಬೀಸಿದರೂ ಈ ವಿಷ ಹೋಗದು. ಅಂತಹ ಧಾನ್ಯವನ್ನು ಅಗ್ಗವೆಂದು ಖರೀದಿಸಬಾರದು. ಹಸಿ ಸೋಯಾ ಕಾಳನ್ನೂ ನೇರವಾಗಿ ನೀಡಬಾರದು.

ಪ್ರತಿ ತಂಡದ ಆಹಾರದ ಬಳಕೆ ಹಾಗೂ ಮಾರಾಟದ ತೂಕವನ್ನು ಪುಸ್ತಕದಲ್ಲಿ ದಾಖಲಿಸಿ, ಹೊಸ ಮಿಶ್ರಣ ಆರಂಭಿಸುವ ಮುನ್ನ ಸಮೀಪದ ಪಶು ವೈದ್ಯಾಧಿಕಾರಿಗಳ ಸಲಹೆ ಪಡೆಯುವಂತೆ ಕೋಳಿ ಸಾಕಾಣಿಕೆದಾರರಲ್ಲಿ ಕೋರಲಾಗಿದೆ.