ಅಪ್ಪು ಘರ್ ಮತ್ತೆ ತೆರೆಯಿತು, ಮಕ್ಕಳಿಗೆ ದೂರವಾಯಿತು

ಎಂಬತ್ತು, ತೊಂಬತ್ತರ ದಶಕಗಳಲ್ಲಿ ದೆಹಲಿಯಲ್ಲಿ ಬೆಳೆದವರಿಗೆ ಅಪ್ಪು ಘರ್ ಎಂದರೆ ಏನೆಂದು ವಿವರಿಸಬೇಕಿಲ್ಲ. 1982ರ ನವೆಂಬರ್ 19ರಂದು ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ಆರಂಭವಾದಾಗ ಅದರ ಲಾಂಛನವಾಗಿದ್ದದ್ದು ಅಪ್ಪು ಎಂಬ ಆನೆಮರಿ. ಸರಿಯಾಗಿ ಎರಡು ವರ್ಷಗಳ ನಂತರ, 1984ರ ನವೆಂಬರ್ 19ರಂದು, ಅದೇ ಆನೆಯ ಹೆಸರಿನ ಮನರಂಜನಾ ಪಾರ್ಕನ್ನು ಪ್ರಗತಿ ಮೈದಾನದಲ್ಲಿ ರಾಜೀವ್ ಗಾಂಧಿ ಉದ್ಘಾಟಿಸಿದರು. ಅಂದು ಇಂದಿರಾ ಗಾಂಧಿಯವರ ಹುಟ್ಟುಹಬ್ಬ. ಅವರ ಹತ್ಯೆಯಾಗಿ ಮೂರು ವಾರವೂ ಕಳೆದಿರಲಿಲ್ಲ. ಸಿಖ್ಖರ ಮೇಲೆ ನಡೆದ ಹಿಂಸೆಯ ಗಾಯ ಊರಿನ ಮೈಮೇಲೆ ಹಸಿಯಾಗಿಯೇ ಇತ್ತು. ಅಂಥ ಚಳಿಗಾಲದಲ್ಲಿ ಬಾಗಿಲು ತೆರೆದ ಈ ಪಾರ್ಕು ಮುಂದಿನ 23 ವರ್ಷ ದೆಹಲಿಯ ಮಕ್ಕಳನ್ನು ಆಡಿಸಿತು. 2008ರ ಫೆಬ್ರುವರಿ 17ರಂದು ಅದನ್ನು ಮುಚ್ಚಲಾಯಿತು. ಆ ನೆಲದಲ್ಲಿ ಎದ್ದ ಸುಪ್ರೀಂ ಕೋರ್ಟಿನ ಹೆಚ್ಚುವರಿ ಕಟ್ಟಡ 2019ರ ಜುಲೈ 17ರಂದು ಉದ್ಘಾಟನೆಯಾಯಿತು. ಹತ್ತಿರದ ಮೆಟ್ರೋ ನಿಲ್ದಾಣವನ್ನೂ ಈಗ ಪ್ರಗತಿ ಮೈದಾನ ಎನ್ನುವುದಿಲ್ಲ, ಸುಪ್ರೀಂ ಕೋರ್ಟ್ ಎನ್ನುತ್ತಾರೆ. ಈ ನಡುವೆ 2014ರಲ್ಲಿ ಅಪ್ಪು ಘರ್ ಎಂಬ ಹೆಸರು ಮರಳಿ ಬಂತು. ಆದರೆ ಬಂದದ್ದು ಹರಿಯಾಣದ ಗುರುಗ್ರಾಮದ ಸೆಕ್ಟರ್ 29ಕ್ಕೆ, ಮುಖ್ಯವಾಗಿ ನೀರಾಟದ ಪಾರ್ಕಾಗಿ.

ಅಂದಿನ ಮಕ್ಕಳು ಇಂದು ತಂದೆತಾಯಂದಿರು. ತಮ್ಮ ಪುಟಾಣಿಗಳ ಕೈಹಿಡಿದು ಆ ಹಳೆಯ ಹೆಸರಿನ ಬಾಗಿಲು ದಾಟಬೇಕೆಂಬ ಅವರ ಆಸೆ ಸಹಜವಾದದ್ದು, ಗೌರವಿಸಬೇಕಾದದ್ದು. ಆದರೂ ಇಲ್ಲೊಂದು ಪ್ರಶ್ನೆ ಕೇಳಲೇಬೇಕು. ಮರಳಿ ತೆರೆದದ್ದು ಯಾರಿಗಾಗಿ? ಹೆಸರು, ಆನೆಯ ಚಿತ್ರ, ಹಳೆಯ ನೆನಪು, ಇವೆಲ್ಲ ಹಿರಿಯರಿಗೆ ಸಿಗುವ ವಸ್ತುಗಳು. ನಾಲ್ಕು ವರ್ಷದ ಮಗುವಿಗೆ ಈ ಹೆಸರಿನಿಂದ ಏನೂ ಆಗಬೇಕಿಲ್ಲ. ಆ ವಯಸ್ಸಿಗೆ ಬೇಕಾದದ್ದು ಹತ್ತಿರದ ಜಾಗ, ಸ್ವಲ್ಪವೇ ಹೊತ್ತಿನ ಆಟ, ಮತ್ತು ಅದೇ ಆಟವನ್ನು ಮತ್ತೆ ಮತ್ತೆ ಆಡುವ ಅವಕಾಶ. ಹಳೆಯ ಅಪ್ಪು ಘರ್ ಮಕ್ಕಳಿಗೆ ಒದಗಿದ್ದು ಅದರ ಯಂತ್ರಗಳ ಹೆಚ್ಚುಗಾರಿಕೆಯಿಂದ ಅಲ್ಲ, ಅದು ಊರಿನ ನಡುಮಧ್ಯದಲ್ಲಿ ಇದ್ದುದರಿಂದ. ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯಿಂದ ಅದು ಕೆಲವೇ ಕಿಲೋಮೀಟರ್ ದೂರದಲ್ಲಿತ್ತು. ಸಿಟಿ ಬಸ್ಸು ಹತ್ತಿ ಹೋಗಿ ಕತ್ತಲಾಗುವುದರೊಳಗೆ ಮನೆ ಸೇರಬಹುದಿತ್ತು. ಅದರ ಈ ಗುಣ ಮರಳಿ ಬರಲೇ ಇಲ್ಲ.

ದೆಹಲಿಯದೇ ಓಖ್ಲಾದಿಂದ ನೋಡಿದರೆ ಈ ದೂರದ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಯಮುನೆಯ ದಡದ ಈ ಪ್ರದೇಶ ಈಗ ಕೈಗಾರಿಕಾ ವಸಾಹತುಗಳು, ಜಾಮಿಯಾ ನಗರ, ಶಾಹೀನ್ ಬಾಗ್‌ಗಳ ಒತ್ತೊತ್ತಾದ ಮನೆಗಳು, ಕಸದ ಗುಡ್ಡ, ಕಸದಿಂದ ವಿದ್ಯುತ್ ಮಾಡುವ ಘಟಕ ಎಲ್ಲವನ್ನೂ ಹೊತ್ತುಕೊಂಡಿದೆ. ಆದರೆ ಓಖ್ಲಾ ಒಂದು ಕಾಲಕ್ಕೆ ದೆಹಲಿಯವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ವಿಹಾರತಾಣ. 1874ರಲ್ಲಿ ಆಗ್ರಾ ಕಾಲುವೆ ಇಲ್ಲಿಂದಲೇ ಹೊರಟಿತು. ಯಮುನೆಗೆ ಕಟ್ಟಿದ ಒಡ್ಡಿನ ಬಳಿಯ ನೀರು, ನೆರಳು, ತೆರೆದ ಬಯಲು ಜನರನ್ನು ಸೆಳೆಯುತ್ತಿದ್ದವು. 1935ರಲ್ಲಿ ಜಾಮಿಯಾ ಮಿಲ್ಲಿಯಾ ಸಂಸ್ಥೆ ಇಲ್ಲಿಗೆ ಬರಲು ಹೊರಟಾಗ ಮೊದಲ ಕಟ್ಟಡದ ಅಡಿಗಲ್ಲನ್ನು ಯಾವ ಮುಖಂಡರಿಂದಲೂ ಇಡಿಸಲಿಲ್ಲ, ಸಂಸ್ಥೆಯ ಅತ್ಯಂತ ಕಿರಿಯ ವಿದ್ಯಾರ್ಥಿಯಿಂದ ಇಡಿಸಿದರು. ಮಗುವನ್ನು ಊರಿನ ನಡುವೆ ನಿಲ್ಲಿಸುವುದೆಂದರೆ ಹೀಗೆ, ಎಂದು ಇದನ್ನು ಓದಿದಾಗಲೆಲ್ಲ ಅನಿಸುತ್ತದೆ. ಇಂದು ಓಖ್ಲಾದ ಒಂದು ಕುಟುಂಬ ಮರಳಿ ತೆರೆದ ಅಪ್ಪು ಘರ್‌ಗೆ ಹೋಗಬೇಕಾದರೆ ಮೆಜೆಂಟಾ ಮಾರ್ಗದ ಮೆಟ್ರೋದಲ್ಲಿ ಹೌಜ್ ಖಾಸ್ ತಲುಪಿ, ಅಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿ, ಗುರುಗ್ರಾಮದ ಕೊನೆಯ ನಿಲ್ದಾಣದಲ್ಲಿ ಇಳಿಯಬೇಕು. ಇಬ್ಬರು ಪುಟ್ಟ ಮಕ್ಕಳು, ಬಟ್ಟೆಯ ಚೀಲ, ಊಟದ ಡಬ್ಬಿ ಹಿಡಿದು ಹೋಗಿಬರುವುದೆಂದರೆ ಇಡೀ ದಿನದ ಕೆಲಸ. ವಾರದ ರಜೆ ಒಂದೇ ದಿನವಿರುವ ಕಾರ್ಖಾನೆ ಕಾರ್ಮಿಕನಿಗೆ ಅದು ವರ್ಷಕ್ಕೊಮ್ಮೆಯೂ ಕೈಗೂಡುವುದು ಕಷ್ಟ.

ವರ್ಷಕ್ಕೊಮ್ಮೆಯಾದರೂ ಆಗಲಿ, ನೆನಪು ಉಳಿಯುತ್ತದಲ್ಲ, ಎಂದು ಯಾರಾದರೂ ಹೇಳಬಹುದು. ಆದರೆ ಮೂರು ವರ್ಷ ತುಂಬುವ ಮೊದಲು ನಡೆದದ್ದರಲ್ಲಿ ಹೆಚ್ಚಿನದು ದೊಡ್ಡವರಾದ ಮೇಲೆ ನೆನಪಿನಲ್ಲಿ ಉಳಿಯುವುದಿಲ್ಲ ಎಂಬುದು ಮನೋವಿಜ್ಞಾನದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ನಂತರದ ಕೆಲವು ವರ್ಷಗಳ ನೆನಪೂ ಬಿಡಿಬಿಡಿಯಾದದ್ದೇ. ಅದರಲ್ಲಿ ಗಟ್ಟಿಯಾಗಿ ನಿಲ್ಲುವುದು ಪದೇ ಪದೇ ನಡೆದದ್ದು, ಮನೆಯಲ್ಲಿ ಪದೇ ಪದೇ ಮಾತಿಗೆ ಬಂದದ್ದು. ಇದಲ್ಲದೆ ಎತ್ತರದ ಮಿತಿಯೂ ಇದೆ. ದೊಡ್ಡ ಸವಾರಿಗಳ ಬಾಗಿಲಲ್ಲಿ ಸಿಬ್ಬಂದಿ ಮಗುವನ್ನು ಅಳತೆಗೋಲಿನ ಪಕ್ಕ ನಿಲ್ಲಿಸಿ ಹಿಂದೆ ಕಳಿಸುತ್ತಾರೆ. ಹಾಗೆ ಕಳಿಸುವುದೇ ಸರಿ, ಸುರಕ್ಷಾ ಪಟ್ಟಿ ಪುಟ್ಟ ದೇಹಕ್ಕೆ ಬಿಗಿಯಾಗಿ ಕೂರುವುದಿಲ್ಲ. ಆದರೆ ಅಪ್ಪ ಮೆಚ್ಚಿ ವರ್ಣಿಸಿದ್ದ ಸವಾರಿ ಮಗುವಿಗೆ ನಿಷಿದ್ಧ, ಮಗುವಿಗೆ ಬೇಕಾದ ನಿಧಾನದ ತಿರುಗಣಿ ಅಪ್ಪನಿಗೆ ಸಪ್ಪೆ. ಇಂಥ ದಿನದಲ್ಲಿ ಯಾರ ಮಾತು ನಡೆಯಬೇಕು? ಮಗುವಿನದೇ ನಡೆಯಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಹೆದರಿ ಅಳುವ ಮಗುವನ್ನು ‘ನಿನ್ನ ವಯಸ್ಸಿನಲ್ಲಿ ನಾನು ಹೆದರುತ್ತಿರಲಿಲ್ಲ’ ಎಂದು ಎತ್ತಿ ಕೂರಿಸಿದರೆ ಆ ಮಗು ಮತ್ತೆ ಪಾರ್ಕಿನ ಹೆಸರೆತ್ತಲಿಕ್ಕಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನೆಲದ್ದು. ರಾಜಧಾನಿಯ ನಡುವಿನ ನೆಲ ದುಬಾರಿ. ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಜಾಗ ಸಾಲದಿದ್ದರೆ ತೊಟ್ಟಿಲು ಉಯ್ಯಾಲೆಗಳು ಸರಿಯಬೇಡವೇ? ನ್ಯಾಯಾಲಯಕ್ಕೆ ಜಾಗ ಬೇಕಿತ್ತು, ಒಪ್ಪೋಣ. ಆದರೆ ನ್ಯಾಯಾಲಯ ಮತ್ತು ಮಕ್ಕಳ ಆಟ ಒಂದೆಡೆ ಇರಲಾರವು ಎಂಬುದನ್ನು ಕನ್ನಡಿಗರು ಒಪ್ಪಬೇಕಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕನ್ನೇ ನೋಡಿ. ಅದರ ಒಂದು ಅಂಚಿನಲ್ಲಿ ಅಠಾರಾ ಕಚೇರಿಯ ಕೆಂಪು ಕಟ್ಟಡದಲ್ಲಿ ಹೈಕೋರ್ಟು, ಅದೇ ಪಾರ್ಕಿನೊಳಗೆ ಬಾಲಭವನ, ಅಲ್ಲಿ ಪುಟಾಣಿ ಎಕ್ಸ್‌ಪ್ರೆಸ್. ಪಾರ್ಕುಗಳ ಸಂರಕ್ಷಣೆಗೆಂದೇ ಕರ್ನಾಟಕ 1975ರಲ್ಲಿ ಕಾಯಿದೆ ಮಾಡಿಕೊಂಡಿತು. ಪಾರ್ಕಿನೊಳಗೆ ಹೊಸ ಕಟ್ಟಡದ ಮಾತು ಬಂದಾಗಲೆಲ್ಲ ನಾಗರಿಕರು ತಕರಾರು ಎತ್ತಿದ್ದಾರೆ, ಎತ್ತುತ್ತಲೇ ಇರಬೇಕಾಗಿದೆ. ಆ ಪುಟ್ಟ ರೈಲಿನಲ್ಲಿ ತಾವು ಕೂತ ಜಾಗದಲ್ಲೇ ತಮ್ಮ ಮಕ್ಕಳನ್ನು ಕೂರಿಸುವ ಭಾಗ್ಯ ಬೆಂಗಳೂರಿನವರಿಗೆ ಉಳಿದಿರುವುದು ಈ ತಕರಾರಿನ ದೆಸೆಯಿಂದಲೂ ಹೌದು.

ಹಳೆಯ ಜಾಗದಲ್ಲೇ ಮರಳಿ ತೆರೆದರೆ ಎಲ್ಲ ಸರಿಹೋಗುತ್ತದೆ ಎಂದೂ ಹೇಳಲಾಗದು. ಇಂಗ್ಲೆಂಡಿನ ಕಡಲತೀರದ ಮಾರ್ಗೇಟ್ ಊರಿನ ಡ್ರೀಮ್‌ಲ್ಯಾಂಡ್ ಪಾರ್ಕು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ 1920ರ ಮರದ ರೋಲರ್ ಕೋಸ್ಟರ್ ಇತ್ತು. ಪಾರ್ಕು ಮುಚ್ಚಿಹೋದಾಗ ಊರಿನವರು ವರ್ಷಗಟ್ಟಲೆ ಹೋರಾಡಿದರು. 2008ರಲ್ಲಿ ಆ ಕೋಸ್ಟರಿಗೆ ಬೆಂಕಿ ಬಿದ್ದರೂ ಬಿಡದೆ ದುರಸ್ತಿ ಮಾಡಿಸಿ 2015ರಲ್ಲಿ ಪಾರ್ಕನ್ನು ತೆರೆಸಿದರು. ಮರುವರ್ಷವೇ ನಡೆಸುತ್ತಿದ್ದ ಸಂಸ್ಥೆ ಸಾಲದಲ್ಲಿ ಮುಳುಗಿ ಆಡಳಿತಾಧಿಕಾರಿಗಳ ಕೈಸೇರಿತು. ಆಮೇಲೆ ಪ್ರವೇಶ ಶುಲ್ಕವನ್ನೇ ಕೈಬಿಟ್ಟು, ಹತ್ತಿದ ಸವಾರಿಗೆ ಮಾತ್ರ ಹಣ ಪಡೆಯುವ ಕ್ರಮಕ್ಕೆ ಬಂದರು. ನೆನಪಿನ ಬಲದಿಂದ ಬಾಗಿಲು ತೆರೆಯಬಹುದು. ದಿನದಿನವೂ ಜನ ಒಳಗೆ ಬರಬೇಕಾದರೆ ಸುತ್ತಲಿನವರ ಜೇಬಿಗೆ ಅದು ಎಟುಕಬೇಕು.

ಹಾಗಾದರೆ ಮನೆಯ ಹತ್ತಿರದ ಸಣ್ಣ ಪಾರ್ಕುಗಳೇ ಸಾಕೆ, ಅವು ಸುರಕ್ಷಿತವೇ ಎಂಬ ಭಯ ನ್ಯಾಯವಾದದ್ದು. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಸವಾರಿಯೊಂದು ಮುರಿದುಬಿದ್ದು ಇಬ್ಬರು ಸತ್ತರು. 2024ರ ಮೇ 25ರಂದು ರಾಜಕೋಟದ ಗೇಮ್ ಜೋನ್ ಬೆಂಕಿಯಲ್ಲಿ 27 ಜೀವಗಳು ಹೋದವು, ಅವರಲ್ಲಿ ಮಕ್ಕಳೂ ಇದ್ದರು. ಆದರೆ ಇವು ತಪಾಸಣೆ ಏಕೆ ಬೇಕೆಂದು ಹೇಳುವ ದುರಂತಗಳು. ಮಕ್ಕಳ ಜಾಗಗಳನ್ನು ಊರಾಚೆ ತಳ್ಳುವುದಕ್ಕೆ ಕಾರಣಗಳಲ್ಲ. ಮನರಂಜನಾ ಸವಾರಿಗಳಿಗಾಗಿಯೇ ಭಾರತೀಯ ಮಾನಕ ಬ್ಯೂರೋ ಮಾನಕಗಳನ್ನು ರೂಪಿಸಿದೆ. ಅವುಗಳಂತೆ ಪರೀಕ್ಷೆಯಾದ ಪ್ರಮಾಣಪತ್ರವನ್ನು ಬಾಗಿಲಲ್ಲೇ ತೂಗುಹಾಕಿ ಎಂದು ಕೇಳುವ ಹಕ್ಕು ಟಿಕೆಟ್ ಕೊಂಡ ಪ್ರತಿ ತಂದೆತಾಯಿಗೂ ಇರಬೇಕು.

ಓಖ್ಲಾಕ್ಕೆ ಇನ್ನೂ ಅವಕಾಶವಿದೆ. ಕಾಳಿಂದಿ ಕುಂಜ್ ಉದ್ಯಾನ ಅಲ್ಲೇ ಇದೆ. ಅದರ ಮಗ್ಗುಲಲ್ಲಿ ಡೆಲ್ಲಿ ರೈಡ್ಸ್ ಎಂಬ ಮನರಂಜನಾ ಪಾರ್ಕೂ ಬಂತು. ಒಡ್ಡಿನಾಚೆ, 1990ರಲ್ಲಿ ಘೋಷಣೆಯಾದ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ವಲಸೆಯ ಬಾತುಕೋಳಿಗಳು ಇಳಿಯುತ್ತವೆ. ಅದರ ಹೆಸರಿನ ಮೆಟ್ರೋ ನಿಲ್ದಾಣವೇ ಇದೆ. ಗುರುಗ್ರಾಮದ ಅಪ್ಪು ಘರ್‌ಗೆ ಮಗು ಆರೇಳು ವರ್ಷದ್ದಾದ ಮೇಲೆ ಒಮ್ಮೆ ಕರೆದೊಯ್ಯಿರಿ. ಮಗು ಸಾಕೆಂದಾಗ ಹೊರಟುಬನ್ನಿ. ಉಳಿದ ಭಾನುವಾರಗಳಿಗೆ ಓಖ್ಲಾದ ಮಗು ಮನೆಯಿಂದ ಅರ್ಧ ಗಂಟೆಯೊಳಗೆ ತಲುಪುವ, ಬಡವನೂ ಟಿಕೆಟ್ ಕೊಳ್ಳಬಹುದಾದ, ಯಂತ್ರಗಳು ಕಾಲಕಾಲಕ್ಕೆ ಪರೀಕ್ಷೆಯಾಗುವ ಜಾಗವೊಂದು ಈ ನದಿಯ ದಡದಲ್ಲೇ ಬೇಕು. ಪ್ರಗತಿ ಮೈದಾನದಲ್ಲಿ ಮಕ್ಕಳಿಂದ ಪಡೆದ ನೆಲಕ್ಕೆ ಪ್ರತಿಯಾಗಿ ದೆಹಲಿಯ ಆಡಳಿತ ಕೊಡಬೇಕಾದದ್ದು ಇದನ್ನೇ.